ಹರಳು ಆರಿಸುವ ಜೊತೆಗಾರ

ಕಳೆದ ಚಳಿಗಾಲದಲ್ಲಿ ನಾವು ಹೈದರಾಬಾದಿಗೆ ಹೋಗಿದ್ದಾಗ ಸ್ನೇಹಿತರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆವು. ಆ ಮನೆಯ ಅಜ್ಜಿಗೆ ಬಹುದಿನಗಳಿಂದ ಮಂಡಿನೋವು. ಮೊಮ್ಮಗ ಅಕ್ಕರೆಯಿಂದ ಔಷಧದ ಅಂಗಡಿಗೆ ಹೋಗಿ ಒಂದು ಸೀಸೆ ಮಾತ್ರೆ ತಂದಿದ್ದ. "ಹೆದರಬೇಡಿ ಅಜ್ಜಿ, ಇದು ಬೇರೇನೂ ಅಲ್ಲ, ನಮ್ಮ ಅರಿಶಿನವೇ" ಎಂದು ಸಮಾಧಾನವನ್ನೂ ಹೇಳಿದ. ಸೀಸೆಯ ಮೇಲಿನ ಚೀಟಿಯಲ್ಲಿ ಏನು ಬರೆದಿದೆಯೆಂದು ಅಜ್ಜಿ ಕೇಳಿದರು. "ಕರ್ಕ್ಯುಮಿನಾಯ್ಡು, ಶೇಕಡಾ ೯೫" ಎಂದು ಅವನು ಓದಿದ.

"ಅರಿಶಿನ ಗೊತ್ತಪ್ಪ. ನಡುವೆ ಬಂದ ಈ ನಾಯ್ಡು ಯಾರು?" ಎಂದರು ಅಜ್ಜಿ.

ಮನೆಮಂದಿಯೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಯೋಚಿಸಿದಾಗ, ಅಜ್ಜಿ ಕೇಳಿದ್ದು ನಗುವ ಮಾತಲ್ಲವೆಂದು ತೋರಿತು. ನಾಯ್ಡು ಎಂಬುದು ಹೇಗೆ ಒಬ್ಬ ಮನುಷ್ಯನ ಹೆಸರಲ್ಲವೋ, ಹಾಗೆಯೇ ಕರ್ಕ್ಯುಮಿನಾಯ್ಡು ಎಂಬುದೂ ಒಂದು ವಸ್ತುವಿನ ಹೆಸರಲ್ಲ. ಅದು ಒಂದು ಮನೆತನದ ಹೆಸರು. ಆ ಮನೆತನದಲ್ಲಿ ಯಾರು ಯಾರು ಎಷ್ಟೆಷ್ಟು ಮಂದಿ ಸೀಸೆಯೊಳಗೆ ಬಂದು ಕುಳಿತಿದ್ದಾರೆ ಎಂಬುದನ್ನು ಚೀಟಿ ಹೇಳುವುದಿಲ್ಲ. ಹೇಳದಿರುವುದಕ್ಕೆ ಒಂದು ಕಾರಣ, ಅವರನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸುವುದು ಅಷ್ಟು ಸುಲಭವಲ್ಲ ಎಂಬುದು. ಗಿಡಮೂಲಿಕೆಗಳಲ್ಲಿ ಒಡಹುಟ್ಟಿದವರಂತಿರುವ ಪದಾರ್ಥಗಳನ್ನು ಬಿಡಿಸುವ ಬಗೆ ಯಾವುದು, ಅದರಿಂದ ನಮಗೇನು ಎಂಬ ಈ ವಿಷಯವನ್ನು ನಮ್ಮ ಓದುಗರ ಮುಂದೆ ಇಡೋಣವೆಂದು ಅಂದೇ ನಿಶ್ಚಯಿಸಿದೆವು.

ಒಂದೇ ಮನೆಯ ಮೂವರು

ಸಾಂಗ್ಲಿಯ ಪೇಟೆಯದಾಗಲಿ, ಈರೋಡಿನದಾಗಲಿ, ನಿಜಾಮಾಬಾದಿನದಾಗಲಿ, ಒಣಗಿದ ಅರಿಶಿನದ ಕೊಂಬು ನೂರು ತೊಲವಿದ್ದರೆ ಅದರಲ್ಲಿ ಸಾಮಾನ್ಯವಾಗಿ ಎರಡರಿಂದ ಐದು ತೊಲದಷ್ಟು ಈ ಹಳದಿ ಪದಾರ್ಥವಿರುತ್ತದೆ. ಉಳಿದದ್ದು ಬಹುಮಟ್ಟಿಗೆ ಹಿಟ್ಟು, ನಾರು, ಎಣ್ಣೆ. ಅರಿಶಿನದ ಪುಡಿಯನ್ನು ಆಲ್ಕೊಹಾಲಿನಂಥ ದ್ರವದಲ್ಲಿ ನೆನೆಸಿದರೆ ಹಳದಿ ಭಾಗ ಅದರಲ್ಲಿ ಇಳಿದುಬರುತ್ತದೆ. ಅದನ್ನು ಸೋಸಿ ಆರಿಸಿದರೆ ಸಿಕ್ಕುವ ಪುಡಿಯೇ ಪೇಟೆಯ ಕರ್ಕ್ಯುಮಿನ್. ಇದರಲ್ಲಿ ಸುಮಾರಾಗಿ ಶೇಕಡಾ ೭೭ ಭಾಗ ನಿಜವಾದ ಕರ್ಕ್ಯುಮಿನ್, ೧೭ ಭಾಗ ಡೆಮಿಥಾಕ್ಸಿಕರ್ಕ್ಯುಮಿನ್, ೩ ಭಾಗ ಬಿಸ್‌ಡೆಮಿಥಾಕ್ಸಿಕರ್ಕ್ಯುಮಿನ್ ಇರುವುದು ವಾಡಿಕೆ. ಹೆಸರು ಕೇಳಿ ಗಾಬರಿಯಾಗಬೇಕಾದ್ದಿಲ್ಲ. ಹಿರಿಯ, ನಡುವಣವ, ಕಿರಿಯ ಎಂದುಕೊಂಡರೆ ಸಾಕು.

ಈ ಮೂವರಿಗೂ ಇರುವ ವ್ಯತ್ಯಾಸ ಬಹಳ ಚಿಕ್ಕದು. ಮೂರು ಅಣುಗಳೂ ಉದ್ದನೆಯ ಸರಪಳಿಯಂತೆ. ಎರಡು ತುದಿಯಲ್ಲಿಯೂ ಒಂದೊಂದು ಉಂಗುರ. ಹಿರಿಯನ ಎರಡು ಉಂಗುರಗಳಿಗೂ ಒಂದು ಇಂಗಾಲ, ಒಂದು ಆಮ್ಲಜನಕ, ಮೂರು ಜಲಜನಕಗಳ ಚಿಕ್ಕ ಗೊಂಚಲೊಂದು ನೇತುಬಿದ್ದಿದೆ. ಅದಕ್ಕೆ ಮಿಥಾಕ್ಸಿ ಎಂದು ಹೆಸರು. ನಡುವಣವನಿಗೆ ಒಂದೇ ಕಿವಿಗೆ ಓಲೆ. ಕಿರಿಯನ ಕಿವಿ ಎರಡೂ ಬರಿದು. ಅಷ್ಟೇ. ಬಣ್ಣ ಮೂವರದೂ ಹಳದಿ. ನೀರಿಗೆ ಮೂವರೂ ಒಗ್ಗರು. ಆಲ್ಕೊಹಾಲಿನಲ್ಲಿ ಮೂವರೂ ಕರಗುವರು.

ಆದುದರಿಂದಲೇ ಇವರು ಮೂವರೆಂಬ ಸಂಗತಿ ಲೋಕಕ್ಕೆ ತಿಳಿಯಲು ಕಾಲ ಹಿಡಿಯಿತು. ೧೮೧೫ರಲ್ಲಿ ಫ್ರಾನ್ಸಿನಲ್ಲಿ ಫೋಗೆಲ್ ಮತ್ತು ಪೆಲ್ಲೆಟಿಯೆ ಎಂಬಿಬ್ಬರು ಅರಿಶಿನದ ಹಳದಿಯನ್ನು ಮೊದಲ ಸಲ ಬೇರೆಯಾಗಿ ತೆಗೆದು ಅದಕ್ಕೆ ಕರ್ಕ್ಯುಮಿನ್ ಎಂದು ಹೆಸರಿಟ್ಟರು. ಅದರ ಅಣುವಿನ ಆಕಾರ ೧೯೧೦ರಲ್ಲಿ ಗೊತ್ತಾಯಿತು. ಆ ಹಳದಿಯೊಳಗೆ ಮೂವರಿದ್ದಾರೆಂದು ಬಿಡಿಸಿ ತೋರಿಸಿದವರು ನಮ್ಮವರೇ ಆದ ಕೆ. ಆರ್. ಶ್ರೀನಿವಾಸನ್; ೧೯೫೩ರಲ್ಲಿ. ಮರಳಿನಂಥ ಸಿಲಿಕಾ ತುಂಬಿದ ಗಾಜಿನ ಕೊಳವೆಯಲ್ಲಿ ಹಳದಿ ದ್ರಾವಣವನ್ನು ಮೆಲ್ಲನೆ ಇಳಿಬಿಟ್ಟಾಗ ಮೂವರೂ ಬೇರೆ ಬೇರೆ ವೇಗದಿಂದ ಇಳಿದು ಬೇರೆಯಾದರು. ಒಳ್ಳೆಯ ಉಪಾಯವೇ. ಆದರೆ ಚಿಟಿಕೆಯಷ್ಟಕ್ಕೆ ಸಲ್ಲುವುದು ಮಣಗಟ್ಟಲೆಗೆ ಸಲ್ಲದು. ಕಾಲ ಹೆಚ್ಚು ಹಿಡಿಯುತ್ತದೆ, ದ್ರವ ಕೊಡಗಟ್ಟಲೆ ಖರ್ಚಾಗುತ್ತದೆ.

ಸಾರಿಗೆ ಹಾಕುವ ಅರಿಶಿನದಲ್ಲಿ ಮೂವರೂ ಕೂಡಿಯೇ ಇರಲಿ, ಚೆನ್ನ. ಔಷಧವೆಂದು ಅಳೆದು ಕೊಡುವಾಗ ಮಾತ್ರ ಯಾವನಿಂದ ಏನಾಗುತ್ತದೆಂದು ತಿಳಿದಿರಬೇಕಾಗುತ್ತದೆ. ಇದಕ್ಕೆ ಅರಿಶಿನಕ್ಕಿಂತ ಒಳ್ಳೆಯ ನಿದರ್ಶನ ಇನ್ನೊಂದು ಗಿಡದ ಕಥೆಯಲ್ಲಿದೆ. ಆ ಕಥೆಗೂ ಮೊದಲಿಟ್ಟವನು ಇದೇ ಪೆಲ್ಲೆಟಿಯೆ. ಅದಕ್ಕೆ ಮೊದಲು ಹರಳಿನ ವಿಚಾರ ನಾಲ್ಕು ಮಾತು.

ಕಲ್ಲುಸಕ್ಕರೆಯ ಪಾಠ

ಕಲ್ಲುಸಕ್ಕರೆ ಮಾಡುವುದನ್ನು ನಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಗಟ್ಟಿ ಪಾಕದಲ್ಲಿ ದಾರ ಇಳಿಬಿಟ್ಟು, ಅಲುಗಾಡಿಸದೆ ಕೆಲವು ದಿನ ಇಟ್ಟರೆ ದಾರದ ಸುತ್ತ ಹರಳು ಕಟ್ಟುತ್ತದೆ. ಪಾಕದಲ್ಲಿ ಕೊಳೆಯಿದ್ದರೂ ಹರಳು ಬಹುಮಟ್ಟಿಗೆ ತಿಳಿಯಾಗಿಯೇ ಇರುತ್ತದೆ. ಏಕೆ? ಹರಳು ಎಂಬುದು ಮದುವೆಮನೆಯ ಪಂಕ್ತಿಯ ಹಾಗೆ. ಒಂದೇ ಅಳತೆಯ ಮಣೆ, ಒಂದೇ ಅಂತರ, ಸಾಲಿನ ಮೇಲೆ ಸಾಲು. ಸಕ್ಕರೆಯ ಅಣು ಬಂದರೆ ತನ್ನ ಮಣೆಯಲ್ಲಿ ಸರಿಯಾಗಿ ಕೂರುತ್ತದೆ. ಬೇರೆ ಆಕಾರದ್ದು ಬಂದರೆ ಮಣೆಗೆ ಒಗ್ಗದೆ ಹಿಂದಿರುಗಿ ಪಾಕದಲ್ಲಿಯೇ ಉಳಿಯುತ್ತದೆ. ಹೀಗೆ ಹರಳುಗಟ್ಟಿಸುವುದೇ ಒಂದು ಶುದ್ಧಿ. ರಸಾಯನಶಾಸ್ತ್ರಜ್ಞರಿಗೆ ಇಷ್ಟು ಅಗ್ಗವಾದ, ಇಷ್ಟು ಹಳೆಯದಾದ ಉಪಾಯ ಬೇರೆ ಇಲ್ಲ.

ಆದರೆ ಬಂದವನು ಅನ್ಯನಾಗಿರದೆ ಒಡಹುಟ್ಟಿದವನೇ ಆಗಿದ್ದರೆ? ಅಣ್ಣನ ಮಣೆಯಲ್ಲಿ ತಮ್ಮ ಕೂತರೆ ಬಡಿಸುವವರಿಗೆ ಗೊತ್ತಾಗುವುದಿಲ್ಲ. ಹರಳಿಗೂ ಹಾಗೆಯೇ. ಅಷ್ಟಿಷ್ಟು ತಮ್ಮಂದಿರು ಅಣ್ಣನ ಸಾಲಿನಲ್ಲಿ ನುಸುಳಿಕೊಳ್ಳುತ್ತಾರೆ. ಆ ಹರಳನ್ನು ಮತ್ತೆ ಕರಗಿಸಿ ಮತ್ತೆ ಹರಳುಗಟ್ಟಿಸಬೇಕು, ಮತ್ತೊಮ್ಮೆ, ಇನ್ನೊಮ್ಮೆ. ಪ್ರತಿ ಸಲವೂ ಒಂದಿಷ್ಟು ಮಾಲು ದ್ರಾವಣದಲ್ಲಿಯೇ ಉಳಿದು ನಷ್ಟವಾಗುತ್ತದೆ. ಶುದ್ಧಿ ಕೈಗೆ ಬರುವ ಹೊತ್ತಿಗೆ ಸರಕು ಕೈಬಿಟ್ಟಿರುತ್ತದೆ.

ತೊಗಟೆಯೊಳಗಿನ ನಾಲ್ವರು

ಮೈಸೂರಿನಿಂದ ಗುಂಡ್ಲುಪೇಟೆ, ಗೂಡಲೂರಿನ ಮಾರ್ಗವಾಗಿ ಉದಕಮಂಡಲಕ್ಕೆ ಬಸ್ಸಿನಲ್ಲಿ ಹೋದವರಿಗೆ ನಡುವಟ್ಟದ ಗುರುತಿರಬೇಕು. ಒಂದು ಕಾಲದಲ್ಲಿ ಆ ಚಳಿಯ ಊರಿನಲ್ಲಿ ಸರ್ಕಾರದ ಕ್ವಿನೈನ್ ಕಾರ್ಖಾನೆಯಿತ್ತು. ದಕ್ಷಿಣ ಅಮೆರಿಕೆಯ ಬೆಟ್ಟಗಳ ಸಿಂಕೋನ ಮರವನ್ನು ಕ್ಲೆಮೆಂಟ್ಸ್ ಮಾರ್ಕಮ್ ಮತ್ತು ಅವನ ಸಂಗಡಿಗರು ೧೮೬೦ರ ಸುಮಾರಿನಲ್ಲಿ ತರಿಸಿದರು. ನೀಲಗಿರಿಯಲ್ಲಿ ಅದನ್ನು ಬೆಳೆಸಿದವನು ಮೆಕೈವರ್ ಎಂಬ ತೋಟಗಾರ. ಮಲೇರಿಯದ ಚಳಿಜ್ವರಕ್ಕೆ ಆ ತೊಗಟೆ ಬಿಟ್ಟರೆ ಆಗ ನಂಬಬಹುದಾದ ಔಷಧ ಬೇರೊಂದಿರಲಿಲ್ಲ. ಮಲೆನಾಡಿನ ಹಿರಿಯರನ್ನು ಕೇಳಿದರೆ ಚಳಿಜ್ವರವೆಂದರೆ ಏನೆಂದು ಹೇಳುತ್ತಾರೆ. ಮನೆ ಮನೆಯೇ ನಡುಗಿ ಮಲಗಿದ, ಬೆಳೆದ ಪೈರನ್ನು ಕುಯ್ಯುವವರಿಲ್ಲದೆ ಹೋದ ನೆನಪು ಅದು.

೧೮೨೦ರಲ್ಲಿ ಪೆಲ್ಲೆಟಿಯೆ ಮತ್ತು ಕಾವೆಂತು ಎಂಬ ಅವನ ಜೊತೆಗಾರ ಆ ತೊಗಟೆಯಿಂದ ಕ್ವಿನೈನನ್ನು ಬೇರೆಯಾಗಿ ತೆಗೆದರು. ಆಮೇಲೆ ತಿಳಿಯಿತು, ತೊಗಟೆಯಲ್ಲಿ ಮುಖ್ಯರಾದವರೇ ನಾಲ್ವರು: ಕ್ವಿನೈನ್, ಕ್ವಿನಿಡಿನ್, ಸಿಂಕೊನಿನ್, ಸಿಂಕೊನಿಡಿನ್. ಕ್ವಿನೈನ್ ಮತ್ತು ಕ್ವಿನಿಡಿನ್ ಇವುಗಳಲ್ಲಿರುವ ಪರಮಾಣುಗಳ ಲೆಕ್ಕ ಒಂದೇ; ಇಪ್ಪತ್ತು ಇಂಗಾಲ, ಇಪ್ಪತ್ತನಾಲ್ಕು ಜಲಜನಕ, ಎರಡು ಸಾರಜನಕ, ಎರಡು ಆಮ್ಲಜನಕ. ವ್ಯತ್ಯಾಸವೆಲ್ಲ ಅಣುವಿನ ತಿರುವಿನಲ್ಲಿ, ಎಡಗೈ ಬಲಗೈಗಳಿಗಿರುವ ವ್ಯತ್ಯಾಸದ ಜಾತಿಯದು. ಉಳಿದಿಬ್ಬರಿಗೆ ಮೇಲೆ ಹೇಳಿದ ಮಿಥಾಕ್ಸಿ ಓಲೆ ಇಲ್ಲ.

ಈ ನಾಲ್ವರಲ್ಲಿ ಜ್ವರ ಬಿಡಿಸುವವನು ಯಾರು? ಇದು ಪಂಡಿತರ ಚರ್ಚೆಯ ಮಾತಷ್ಟೇ ಆಗಿರಲಿಲ್ಲ, ಬಡವನ ಪ್ರಾಣದ ಮಾತೂ ಆಗಿತ್ತು. ನಮ್ಮ ಬೆಟ್ಟಗಳಲ್ಲಿ ಚೆನ್ನಾಗಿ ಬೆಳೆದ ಕೆಂಪು ತೊಗಟೆಯ ಜಾತಿಯಲ್ಲಿ ಕ್ವಿನೈನ್ ಕಡಮೆ, ಸಿಂಕೊನಿಡಿನ್ ಹೆಚ್ಚು. ಕ್ವಿನೈನನ್ನೇ ಬೇರ್ಪಡಿಸಿ ಕೊಡುವುದಾದರೆ ಬೆಲೆ ಏರುತ್ತದೆ, ಉಳಿದ ಮೂವರೂ ಕಸಕ್ಕೆ ಹೋಗುತ್ತಾರೆ. ೧೮೬೬ರಲ್ಲಿ ಮದರಾಸು ಸರ್ಕಾರ ಇದಕ್ಕಾಗಿಯೇ ಒಂದು ಸಮಿತಿಯನ್ನು ನೇಮಿಸಿತು. ನಾಲ್ಕನ್ನೂ ಬೇರೆ ಬೇರೆಯಾಗಿ ರೋಗಿಗಳಿಗೆ ಕೊಟ್ಟು ನೋಡಿದ ಮೇಲೆ, ಜ್ವರ ಬಿಡಿಸುವ ಗುಣ ನಾಲ್ವರಲ್ಲಿಯೂ ಉಂಟೆಂದು ಕಂಡುಬಂತು. ಆಮೇಲೆ ದಾರ್ಜಿಲಿಂಗ್ ಬೆಟ್ಟದ ಮಂಗ್‌ಪೂ ಎಂಬಲ್ಲಿ ನಾಲ್ವರನ್ನೂ ಬಿಡಿಸದೆಯೇ ಪುಡಿಮಾಡಿ ಅಗ್ಗದ ಜ್ವರದ ಔಷಧವನ್ನು ತಯಾರಿಸತೊಡಗಿದರು. ವಾಕರಿಕೆ ತರುತ್ತದೆಂಬ ದೂರು ಅದರ ಮೇಲೆ ಇದ್ದೇ ಇತ್ತು. ಆದರೂ ಕ್ವಿನೈನ್ ಕೊಳ್ಳಲಾರದವನಿಗೆ ಅದೇ ಗತಿ.

ಹಾಗಾದರೆ ಬಿಡಿಸಬೇಕಾದ್ದೇ ಇಲ್ಲವಲ್ಲ, ಎಂದು ಓದುಗರು ಕೇಳಬಹುದು. ತಾಳಿ. ವೆಂಕೆಬಾಕ್ ಎಂಬ ಹೃದಯವೈದ್ಯನ ಬಳಿಗೆ ಒಬ್ಬ ಡಚ್ಚು ವ್ಯಾಪಾರಿ ಬಂದ. ತಾಳ ತಪ್ಪಿ ಬಡಿಯುತ್ತಿದ್ದ ತನ್ನ ಎದೆ ಕ್ವಿನೈನ್ ತೆಗೆದುಕೊಂಡರೆ ತಾಳಕ್ಕೆ ಬರುತ್ತದೆಂದು ಅವನು ಹೇಳಿದ. ವೆಂಕೆಬಾಕ್ ಇದನ್ನು ೧೯೧೪ರಲ್ಲಿ ಬರೆದು ಪ್ರಕಟಿಸಿದ. ೧೯೧೮ರಲ್ಲಿ ಫ್ರೈ ಎಂಬ ವೈದ್ಯನು ಸಿಂಕೋನದ ಸೋದರರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ, ಎದೆಬಡಿತದ ಮೇಲೆ ಎಲ್ಲರಿಗಿಂತ ಬಲವಾಗಿ ಕೆಲಸ ಮಾಡುವವನು ಕ್ವಿನಿಡಿನ್ ಎಂದು ತೋರಿಸಿದ. ಎಂದರೆ, ಒಂದೇ ಲೆಕ್ಕದ ಪರಮಾಣುಗಳಿಂದಾದ ಇಬ್ಬರಲ್ಲಿ ಒಬ್ಬ ಜ್ವರದ ವೈದ್ಯ, ಇನ್ನೊಬ್ಬ ಎದೆಯ ವೈದ್ಯ. ಎದೆಯ ಲಯವನ್ನು ಹಿಡಿಯಬಲ್ಲವನು ಮಾತ್ರೆ ಮೀರಿದರೆ ಕೆಡಿಸಲೂ ಬಲ್ಲ. ಜ್ವರಕ್ಕೆಂದು ಕೊಟ್ಟ ಪುಡಿಯಲ್ಲಿ ಅವನೆಷ್ಟಿದ್ದಾನೆಂದು ತಿಳಿಯದೆ ಇರುವುದು ಕತ್ತಲೆಯಲ್ಲಿ ನಡೆದಂತೆ.

ಮೋಸಮಾಡಿದ ಹರಳು

ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಹೇಳದಿದ್ದರೆ ಕಥೆ ಪೂರ್ತಿಯಾಗದು. ೧೮೮೦ರ ದಶಕದಲ್ಲಿ ಕೊಲಂಬಿಯದಿಂದ ಕ್ಯೂಪ್ರಿಯ ಎಂಬ ತಾಮ್ರವರ್ಣದ ತೊಗಟೆ ಯೂರೋಪಿನ ಪೇಟೆಗೆ ಬಂತು. ಅದರಿಂದ ಸೊಗಸಾದ ಹರಳೊಂದು ದೊರೆಯಿತು. ಕ್ವಿನೈನಿನ ಹಾಗಿದೆ, ಆದರೆ ಕ್ವಿನೈನ್ ಅಲ್ಲ. ಹೊಸ ಪದಾರ್ಥವೇ ಸಿಕ್ಕಿತೆಂದು ಅದಕ್ಕೆ ಹೋಮೊಕ್ವಿನೈನ್ ಎಂದು ನಾಮಕರಣವೂ ಆಯಿತು. ಪಾಲ್ ಮತ್ತು ಕೌನ್ಲಿ ಎಂಬಿಬ್ಬರಿಗೆ ಮಾತ್ರ ಅನುಮಾನ ಹೋಗಲಿಲ್ಲ. ಆ ಹರಳನ್ನು ಆಮ್ಲದಲ್ಲಿ ಕರಗಿಸಿ, ಕಾಸ್ಟಿಕ್ ಸೋಡ ಹಾಕಿ, ಈಥರಿನೊಡನೆ ಕುಲುಕಿದರು. ಈಥರಿನಲ್ಲಿ ಬಂದದ್ದು ಸಾಕ್ಷಾತ್ ಕ್ವಿನೈನ್! ಸೋಡದ ನೀರಿನಲ್ಲಿ ಉಳಿದದ್ದು ಕ್ಯುಪ್ರೀನ್ ಎಂಬ ಅದರ ಸೋದರ. ಹೋಮೊಕ್ವಿನೈನ್ ಎಂಬುದು ಇರಲೇ ಇಲ್ಲ. ಇಬ್ಬರೂ ಸೇರಿ ಒಂದೇ ಹರಳಿನಲ್ಲಿ ಕ್ರಮವಾಗಿ ಕುಳಿತು, ನೋಡುವವರ ಕಣ್ಣಿಗೆ ಒಬ್ಬನೇ ಎಂಬಂತೆ ತೋರಿದ್ದರು.

ಹರಳು ಸುಂದರವಾಗಿದೆ, ಕೋನಗಳು ತಿದ್ದಿದಂತಿವೆ ಎಂದ ಮಾತ್ರಕ್ಕೆ ಅದು ಶುದ್ಧವೆನ್ನುವಂತಿಲ್ಲ ಎಂಬುದು ಒಂದು ಪಾಠ. ಇನ್ನೊಂದು ಪಾಠ ಅದಕ್ಕಿಂತ ದೊಡ್ಡದು. ಎರಡು ಬೇರೆ ಬೇರೆ ಪದಾರ್ಥಗಳು, ಒಂದನ್ನೊಂದು ಕೆಡಿಸದೆ, ಲೆಕ್ಕವಾಗಿ ಕೂಡಿ ಒಂದು ಹರಳಾಗಬಲ್ಲವು. ಇಂಥದಕ್ಕೆ ಇಂದಿನ ಶಾಸ್ತ್ರಜ್ಞರು ಕೋಕ್ರಿಸ್ಟಲ್ ಎನ್ನುತ್ತಾರೆ. ನಾವು ಕೂಡುಹರಳು ಎಂದು ಕರೆಯೋಣ. ತಾನಾಗಿಯೇ ನಡೆದಾಗ ಮೋಸಮಾಡಿದ ಈ ಗುಣವನ್ನು ತಿಳಿದು ಬಳಸಿದರೆ ಅದೇ ಬಿಡಿಸುವ ಕೈಯೂ ಆಗುತ್ತದೆ.

ಮೂರನೆಯವನ ಪ್ರವೇಶ

ಇಬ್ಬರು ಸೋದರರು ರೂಪದಲ್ಲಿ ಒಂದೇ, ಗುಣದಲ್ಲಿ ಒಂದೇ. ಅವರನ್ನು ನೋಡಿ ಗುರುತು ಹಿಡಿಯಲಾರೆವು. ಆದರೆ ಇಬ್ಬರ ಸ್ನೇಹಿತರು ಬೇರೆ ಬೇರೆ. ಒಬ್ಬ ಸ್ನೇಹಿತನನ್ನು ಮನೆಗೆ ಕರೆದರೆ ಯಾರು ಎದ್ದು ಬಂದು ಪಕ್ಕದಲ್ಲಿ ಕೂರುತ್ತಾರೆಂಬುದರಿಂದ ಗುರುತು ಸಿಕ್ಕಿಬಿಡುತ್ತದೆ. ಬಿಡಿಸುವ ಉಪಾಯವೆಲ್ಲ ಇಷ್ಟೇ. ದ್ರಾವಣಕ್ಕೆ ಮೂರನೆಯ ಪದಾರ್ಥವೊಂದನ್ನು ಹಾಕುವುದು. ಅದು ಸೋದರರಲ್ಲಿ ಒಬ್ಬನ ಕೈಹಿಡಿದು ಹರಳಾಗಿ ತಳಕ್ಕಿಳಿಯುವುದು. ಇನ್ನೊಬ್ಬ ದ್ರಾವಣದಲ್ಲಿಯೇ ಉಳಿಯುವುದು.

ಸಿಂಕೋನದ ನಾಲ್ವರನ್ನು ಹಳೆಯ ಪರೀಕ್ಷಕರು ಬಿಡಿಸುತ್ತಿದ್ದುದು ಈ ಜಾತಿಯ ಉಪಾಯದಿಂದಲೇ. ನಮ್ಮ ಹುಣಿಸೆಹಣ್ಣಿನ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲದ ಲವಣವನ್ನು ದ್ರಾವಣಕ್ಕೆ ಹಾಕುತ್ತಿದ್ದರು. ಕ್ವಿನೈನ್ ಮತ್ತು ಸಿಂಕೊನಿಡಿನ್ ಅದರ ಜೊತೆಗೂಡಿ ತಳ ಸೇರುವರು. ಸೋಸಿದ ನೀರಿಗೆ ಪೊಟಾಸಿಯಮ್ ಅಯೊಡೈಡ್ ಹಾಕಿದರೆ ಕ್ವಿನಿಡಿನ್ ಕೆಳಗಿಳಿಯುವನು. ಕೊನೆಗೆ ನೀರಿನಲ್ಲಿ ಒಬ್ಬನೇ ಉಳಿಯುವವನು ಸಿಂಕೊನಿನ್. ಈ ಋಣ ಏಕಮುಖವಲ್ಲ. ೧೮೫೩ರಲ್ಲಿ ಲೂಯಿ ಪಾಸ್ಚರ್ ಇದನ್ನು ತಿರುಗಿಸಿ ಮಾಡಿ ತೋರಿಸಿದ. ಎಡಗೈ ಬಲಗೈಗಳಂತಿದ್ದ ಎರಡು ಬಗೆಯ ಟಾರ್ಟಾರಿಕ್ ಆಮ್ಲಗಳನ್ನು ಬಿಡಿಸಲು ಅವನು ಕರೆದ ಮೂರನೆಯವರು ಸಿಂಕೋನದ ಆಲ್ಕಲಾಯ್ಡುಗಳಿಂದ ಪಡೆದ ಪದಾರ್ಥಗಳೇ.

ಇವೆಲ್ಲ ಲವಣಗಳಾಗುವ ಬಗೆ. ಆಮ್ಲ ತನ್ನ ಜಲಜನಕವನ್ನು ಕೊಡುತ್ತದೆ, ಎದುರಿನವನು ತೆಗೆದುಕೊಳ್ಳುತ್ತಾನೆ. ಕೊಡುಕೊಳ್ಳುವ ಸಂಬಂಧ. ಆದರೆ ಅರಿಶಿನದ ಹಳದಿಯಂಥ ಎಷ್ಟೋ ಗಿಡದ ಪದಾರ್ಥಗಳಲ್ಲಿ ಹಾಗೆ ಸುಲಭವಾಗಿ ಲವಣವಾಗುವ ಗುಣವಿರುವುದಿಲ್ಲ. ಅಂಥವಕ್ಕೆ ಕೂಡುಹರಳೇ ದಾರಿ. ಇಲ್ಲಿ ಯಾರೂ ಏನನ್ನೂ ಬಿಟ್ಟುಕೊಡುವುದಿಲ್ಲ. ಒಬ್ಬನ ಜಲಜನಕ ಇನ್ನೊಬ್ಬನ ಆಮ್ಲಜನಕದ ಕಡೆಗೆ ವಾಲಿ ಮೆಲ್ಲನೆ ಹಿಡಿದುಕೊಳ್ಳುತ್ತದೆ. ಇದಕ್ಕೆ ಹೈಡ್ರೋಜನ್ ಬಂಧವೆಂದು ಹೆಸರು. ಒಂದೊಂದು ಹಿಡಿತವೂ ಸಡಿಲವೇ. ಸಾವಿರ ಸಾವಿರ ಸೇರಿದಾಗ ಹರಳು ನಿಲ್ಲುತ್ತದೆ. ಸಡಿಲವಾದುದರಿಂದಲೇ ಕೆಲಸ ಮುಗಿದಮೇಲೆ ಬಿಡಿಸುವುದೂ ಸುಲಭ.

ಕೂಡುಹರಳುಗಳಲ್ಲಿ ಬಹಳ ಹಿಂದಿನದೆಂದು ಹೇಳುವುದು ಜರ್ಮನಿಯ ವೋಲರ್ ೧೮೪೪ರಲ್ಲಿ ಕಂಡ ಕ್ವಿನ್‌ಹೈಡ್ರೋನ್. ಕ್ವಿನೋನ್ ಎಂಬ ಹಳದಿ ಪದಾರ್ಥವನ್ನೂ ಹೈಡ್ರೋಕ್ವಿನೋನ್ ಎಂಬ ಬಣ್ಣವಿಲ್ಲದ ಪದಾರ್ಥವನ್ನೂ ಸಮನಾಗಿ ಕೂಡಿಸಿದರೆ ಲೋಹದಂತೆ ಹೊಳೆಯುವ ಕಡುಹಸಿರು ಹರಳು ಹುಟ್ಟುತ್ತದೆ. ಅಷ್ಟು ಬಣ್ಣ ಎಲ್ಲಿತ್ತೋ! ಕ್ವಿನೋನ್ ಎಂಬ ಹೆಸರು ಬಂದದ್ದು ಸಿಂಕೋನ ತೊಗಟೆಯ ಕ್ವಿನಿಕ್ ಆಮ್ಲದಿಂದ. ಎಲ್ಲಿ ಹೋದರೂ ಆ ಮರದ ನೆರಳು ನಮ್ಮನ್ನು ಬಿಡಲೊಲ್ಲದು.

ಯೂರಿಯದ ಕೊಳವೆ

ಈ ಉಪಾಯ ಗಿಡದ ಪದಾರ್ಥಗಳ ಮೇಲೆ ದೊಡ್ಡ ಪ್ರಮಾಣದಲ್ಲಿ ಫಲಿಸಿದ್ದಕ್ಕೆ ಒಂದು ಒಳ್ಳೆಯ ನಿದರ್ಶನ ಎಣ್ಣೆಗಳದು. ಅದಕ್ಕೆ ಕಾರಣವಾದದ್ದು ಒಂದು ಆಕಸ್ಮಿಕ. ೧೯೪೦ರಲ್ಲಿ ಜರ್ಮನಿಯ ಬೆಂಗೆನ್ ಹಾಲಿನ ಪರೀಕ್ಷೆಯಲ್ಲಿ ತೊಡಗಿದ್ದ. ಹಾಲಿಗೆ ಯೂರಿಯ ಹಾಕಿದ್ದ. ಆಕ್ಟೈಲ್ ಆಲ್ಕೊಹಾಲ್ ಎಂಬುದನ್ನೂ ಸೇರಿಸಿದ್ದ. ಎದುರುನೋಡದ ಹರಳುಗಳು ಕಂಡವು. ನಮ್ಮ ರೈತರು ಹೊಲಕ್ಕೆ ಹಾಕುವ ಅದೇ ಯೂರಿಯ ಆ ಆಲ್ಕೊಹಾಲಿನ ಅಣುವನ್ನು ಒಳಗಿಟ್ಟುಕೊಂಡು ಹರಳಾಗಿತ್ತು.

ಯೂರಿಯ ಒಂದೇ ಇದ್ದಾಗ ಒಂದು ಬಗೆಯಲ್ಲಿ ಹರಳುಗಟ್ಟುತ್ತದೆ. ಉದ್ದನೆಯ, ನೆಟ್ಟಗಿನ ಅಣು ಎದುರಾದರೆ ಅದರ ಸುತ್ತ ಸುರುಳಿಯಾಗಿ ಕಟ್ಟಿಕೊಂಡು ಜೇನುಗೂಡಿನಂತೆ ಆರು ಮೂಲೆಯ ಕೊಳವೆಗಳಾಗಿ ನಿಲ್ಲುತ್ತದೆ. ಕೊಳವೆಯ ಒಳಗಿನ ಅಗಲ ಮಿಲಿಮೀಟರಿನ ಇಪ್ಪತ್ತು ಲಕ್ಷದ ಒಂದು ಪಾಲಿನಷ್ಟು. ನೆಟ್ಟಗಿನ ಅಣು ಇದರಲ್ಲಿ ಬಳೆಗಾರನ ಕೋಲಿನಂತೆ ಸಲೀಸಾಗಿ ಹೋಗುತ್ತದೆ. ಬಾಗಿದ್ದು ಹೋಗಲಾರದು.

ಈಗ ನಮ್ಮ ಬಯಲುಸೀಮೆಯ ಅಗಸೆ, ಕುಸುಬೆಯ ಎಣ್ಣೆಗಳನ್ನು ನೆನೆಯಿರಿ. ಅವುಗಳಲ್ಲಿರುವ ಕೊಬ್ಬಿನ ಆಮ್ಲಗಳೂ ಸೋದರರೇ. ಸ್ಟಿಯರಿಕ್ ಆಮ್ಲ ನೆಟ್ಟಗೆ ಕೋಲಿನಂತೆ. ಓಲಿಯಿಕ್ ಆಮ್ಲಕ್ಕೆ ಒಂದು ಬಾಗು. ಕುಸುಬೆಯಲ್ಲಿ ಹೆಚ್ಚಾಗಿರುವ ಲಿನೋಲಿಯಿಕ್‌ಗೆ ಎರಡು ಬಾಗು. ಅಗಸೆಯ ಹಿರಿಮೆಯಾದ ಲಿನೋಲೆನಿಕ್‌ಗೆ ಮೂರು ಬಾಗು. ನಾಲ್ವರಿಗೂ ಇಂಗಾಲ ಹದಿನೆಂಟೇ. ಎಣ್ಣೆಯಿಂದ ಬಿಡಿಸಿದ ಈ ಆಮ್ಲಗಳನ್ನು ಯೂರಿಯದ ಜೊತೆ ಬಿಸಿ ಆಲ್ಕೊಹಾಲಿನಲ್ಲಿ ಕರಗಿಸಿ ಮೆಲ್ಲಗೆ ಆರಿಸಿದರೆ, ನೆಟ್ಟಗಿನವರು ಕೊಳವೆಯನ್ನು ಹೊಕ್ಕು ಹರಳಾಗುತ್ತಾರೆ. ಒಂದು ಬಾಗಿನವರಲ್ಲಿ ಕೆಲವರು ಹೊಗುತ್ತಾರೆ. ಎರಡು, ಮೂರು ಬಾಗಿನವರು ಬಹುಪಾಲು ಹೊರಗೇ ಉಳಿಯುತ್ತಾರೆ. ಸೋಸಿಬಿಟ್ಟರೆ ಬೇರ್ಪಟ್ಟಂತೆಯೇ. ಆಮೇಲೆ ಹರಳಿಗೆ ನೀರು ಹೊಯ್ದರೆ ಯೂರಿಯ ನೀರಿನಲ್ಲಿ ಕರಗಿಹೋಗುತ್ತದೆ, ಒಳಗಿದ್ದ ಕೊಬ್ಬಿನ ಆಮ್ಲ ಮೇಲೆ ತೇಲುತ್ತದೆ. ಕರೆದಾಗ ಬಂದ, ಕೆಲಸ ಮಾಡಿದ, ಹೊರಡೆಂದಾಗ ಹೊರಟ. ಮೂರನೆಯವನೆಂದರೆ ಹೀಗಿರಬೇಕು. ಒಬ್ಬನನ್ನೇ ಆರಿಸಬೇಕು, ಆರಿಸಿದವನೊಡನೆ ಹರಳಾಗಿ ಇಳಿಯಬೇಕು, ಕೊನೆಯಲ್ಲಿ ತಕರಾರಿಲ್ಲದೆ ಬಿಟ್ಟುಹೋಗಬೇಕು. ಈ ಮೂರೂ ಗುಣ ಒಬ್ಬನಲ್ಲಿ ಸೇರುವುದು ಅಪರೂಪ.

ಮತ್ತೆ ಅಜ್ಜಿಯ ಪ್ರಶ್ನೆಗೆ

ಅಜ್ಜಿಯ ಮನೆಯಿರುವ ಹೈದರಾಬಾದಿಗೂ ಈ ಶಾಸ್ತ್ರಕ್ಕೂ ಹತ್ತಿರದ ನಂಟುಂಟು. ಅಣುಗಳು ಯಾರ ಪಕ್ಕದಲ್ಲಿ ಯಾರು ಕೂರಬೇಕೆಂಬುದನ್ನು ಮೊದಲೇ ಯೋಚಿಸಿ ಹರಳು ಕಟ್ಟುವ ವಿದ್ಯೆಯನ್ನು ಕುರಿತು ಹೈದರಾಬಾದ್ ವಿಶ್ವವಿದ್ಯಾಲಯದ ಗೌತಮ ದೇಸಿರಾಜು ೧೯೮೯ರಲ್ಲಿ ಬರೆದ ಪುಸ್ತಕ ಲೋಕದೆಲ್ಲೆಡೆ ಓದಲ್ಪಟ್ಟಿತು. ಅವರು ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅದೇ ವಿಶ್ವವಿದ್ಯಾಲಯದ ಅಶ್ವಿನಿ ನಂಗಿಯಾ ಮತ್ತು ಅವರ ಸಂಗಡಿಗರು ೨೦೧೧ರಲ್ಲಿ ನಮ್ಮ ಅರಿಶಿನದ ಕರ್ಕ್ಯುಮಿನನ್ನೇ ಹಿಡಿದುಕೊಂಡರು. ರೆಸಾರ್ಸಿನಾಲ್, ಪೈರೊಗ್ಯಾಲಾಲ್ ಎಂಬ ಎರಡು ಪದಾರ್ಥಗಳೊಡನೆ ಅದರ ಕೂಡುಹರಳುಗಳನ್ನು ಮಾಡಿದರು. ಆಲ್ಕೊಹಾಲು ಬೆರೆಸಿದ ನೀರಿನಲ್ಲಿ ಮೊದಲನೆಯದು ಬರಿಯ ಕರ್ಕ್ಯುಮಿನಿಗಿಂತ ಸುಮಾರು ಐದು ಪಾಲು, ಎರಡನೆಯದು ಸುಮಾರು ಹನ್ನೆರಡು ಪಾಲು ಬ���ಗನೆ ಕರಗಿದವು. ನಂಗಿಯಾ ಅವರು ೨೦೧೬ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರೂ ಆದರು. ಕೂಡುಹರಳನ್ನು ಮಾಡುವ ಒಂದು ಬಗೆಯನ್ನು ಕೇಳಿದರೆ ನಮ್ಮ ಗೃಹಿಣಿಯರಿಗೆ ಸಂತೋಷವಾದೀತು. ಎರಡು ಪುಡಿಗಳನ್ನು ಕಲ್ಬತ್ತಿನಲ್ಲಿ ಹಾಕಿ, ನಾಲ್ಕು ಹನಿ ದ್ರವ ಚಿಮುಕಿಸಿ, ಚೆನ್ನಾಗಿ ಅರೆಯುವುದು!

ಇದು ಬೇಗ ಕರಗಿಸುವುದಕ್ಕೆಂದು ಮಾಡಿದ ಕೆಲಸ, ಸೋದರರನ್ನು ಬಿಡಿಸುವುದಕ್ಕೆಂದು ಮಾಡಿದ್ದಲ್ಲ. ಆ ಎರಡು ಜೊತೆಗಾರರೂ ತಿನ್ನುವ ಪದಾರ್ಥಗಳಲ್ಲ. ಆದರೂ ಕರ್ಕ್ಯುಮಿನ್ ಕೈಹಿಡಿಯಬಲ್ಲದು ಎಂಬುದು ಸಿದ್ಧವಾಯಿತು. ಇನ್ನು ಉಳಿದ ತೊಡಕು ಇದು. ಅರಿಶಿನದ ಮೂವರಿಗೂ ಅಣುವಿನ ನಡುಭಾಗ ಒಂದೇ ಬಗೆಯದು. ಅಲ್ಲಿ ಹಿಡಿಯುವ ಜೊತೆಗಾರ ಮೂವರ ಕೈಯನ್ನೂ ಹಿಡಿದಾನು. ತುದಿಯ ಓಲೆಯನ್ನು ನೋಡಿ ಆರಿಸಬಲ್ಲವನು ಬೇಕು. ಅವನು ಆರೋಗ್ಯಕ್ಕೆ ಹಾನಿ ಮಾಡದವನಾಗಿರಬೇಕು. ಯೂರಿಯದಂತೆ ಹೇಳಿದಾಗ ಹೊರಡುವವನೂ ಆಗಿರಬೇಕು. ಅಂಥವನು ದೊರೆತರೆ ಗಾಜಿನ ಕೊಳವೆಯಿಂದ ತೊಟ್ಟು ತೊಟ್ಟಾಗಿ ಇಳಿಸುವ ಕೆಲಸ ಒಂದು ಹಂಡೆಯಲ್ಲಿ ಮುಗಿದೀತು.

ಅಜ್ಜಿಯ ಸೀಸೆಗೂ ಇದಕ್ಕೂ ಸಂಬಂಧವಿಲ್ಲವೆನ್ನಬೇಡಿ. ೨೦೧೯ರಲ್ಲಿ ಇಟಲಿಯಲ್ಲಿ ಅರಿಶಿನದ ಸಾರದ ಮಾತ್ರೆಗಳನ್ನು ಸೇವಿಸಿದ ಹಲವರಿಗೆ ಯಕೃತ್ತಿನ ಉರಿಯೂತ ಕಂಡುಬಂದು, ಅಲ್ಲಿನ ಆರೋಗ್ಯ ಇಲಾಖೆ ಎಚ್ಚರಿಕೆ ಕೊಡಬೇಕಾಯಿತು. ಅಡುಗೆಯ ಚಿಟಿಕೆ ಅರಿಶಿನಕ್ಕೂ ಸಾರ ತೆಗೆದು ಒತ್ತಿ ತುಂಬಿದ ಮಾತ್ರೆಗೂ ಅಜಗಜಾಂತರ. ಗಿಡದಿಂದ ಬಂದದ್ದೆಂಬ ಒಂದೇ ಮಾತಿನಿಂದ ನಿರಪಾಯವಾಗುವುದಿಲ್ಲ. ಯಾರು ಎಷ್ಟಿದ್ದಾರೆ ಎಂಬುದು ಗೊತ್ತಾದರೆ ಮಾತ್ರ ಗುಣಕ್ಕೆ ಯಾರು ಕಾರಣ, ದೋಷಕ್ಕೆ ಯಾರು ಕಾರಣ ಎಂದು ವೈದ್ಯರು ಹೇಳಬಲ್ಲರು. ಸಿಂಕೋನದ ತೊಗಟೆ ನೂರು ವರ್ಷ ಕಲಿಸಿದ ಪಾಠವೂ ಇದೇ. ಮಲೇರಿಯಕ್ಕೆ ಇಂದು ಕ್ವಿನೈನನ್ನು ಹಿಂದೆ ಹಾಕಿ ಬೇರೆ ಔಷಧಗಳು ಮುಂದೆ ಬಂದಿವೆ. ಪಾಠ ಮಾತ್ರ ಹಳೆಯದಾಗಿಲ್ಲ.

ಮರುದಿನ ಬೆಳಗ್ಗೆ ಕಾಫಿಯ ಹೊತ್ತಿಗೆ ಅಜ್ಜಿಗೆ ಇಷ್ಟನ್ನೂ ಚಿಕ್ಕದಾಗಿ ಹೇಳಿದೆವು. ನಾಯ್ಡು ಒಬ್ಬರಲ್ಲ, ಮೂವರು. ಮೂವರನ್ನೂ ಕೂಡಿಸಿ ತೊಂಬತ್ತೈದು ಎಂದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮೂವರ ಪೈಕಿ ನನ್ನ ಮಂಡಿಯ ಕೆಲಸಕ್ಕೆ ಬಂದವನು ಯಾರು ಅಂತ ಡಾಕ್ಟರನ್ನು ಕೇಳಿ ಆಮೇಲೆ ನುಂಗುತ್ತೇನೆ" ಎಂದರು. ಮೊಮ್ಮಗ ಸೀಸೆಯನ್ನು ಜೇಬಿಗೆ ಹಾಕಿಕೊಂಡು, ಸಂಜೆ ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದ.